ಎರಡು ದಿಕ್ಕಿನಿಂದ ಬರುವ ಗಾಡಿಗಳು: ಸೇರುವುದೆಲ್ಲಿ, ಕ್ಯಾಂಪ್ ಎಲ್ಲಿ?

ಪ್ರಶ್ನೆ: ಆಫ್‌ರೋಡ್ ಕೂಟಕ್ಕೆ ಅರ್ಧ ಗಾಡಿಗಳು ಉತ್ತರದಿಂದ, ಉಳಿದವು ದಕ್ಷಿಣದಿಂದ ಬರುತ್ತಿವೆ. ಮೊದಲೇ ಒಂದು ಕಡೆ ಸೇರಬೇಕಾ, ನೇರ ಕ್ಯಾಂಪಿಗೆ ಬಂದರೆ ಸಾಕಾ? ಕೆಲವರು ರಾತ್ರಿ ತಡವಾಗಿ ಬರುತ್ತಾರಂತೆ.

ಉತ್ತರ 1: ಟಾರ್ ರಸ್ತೆ ಮುಗಿಯುವ ಮುಂಚಿನ ಕೊನೆಯ ಪೆಟ್ರೋಲ್ ಬಂಕಿನಲ್ಲಿ ಸೇರಿ. ಟ್ಯಾಂಕ್ ತುಂಬಿಸಿ, ಕಚ್ಚಾ ದಾರಿಯಲ್ಲಿ ಹಿಡಿತ ಸಿಗಲು ಟೈರ್ ಗಾಳಿ ಸ್ವಲ್ಪ ಇಳಿಸಿ ಒಟ್ಟಿಗೆ ಹೊರಡಬಹುದು. ಲೋ ರೇಂಜಿನಲ್ಲಿ (ಕಷ್ಟದ ದಾರಿಗೆ ಹಾಕುವ ನಿಧಾನದ ಗೇರ್) ಗಾಡಿ ಜಾಸ್ತಿ ಕುಡಿಯುತ್ತದೆ, ಹೆದ್ದಾರಿ ಮೈಲೇಜ್ ನಂಬಬೇಡಿ. ಹೋಗುವ ದಾರಿ ಗುರುತಿಸಿರುವ ಜಿಪಿಎಕ್ಸ್ ಫೈಲನ್ನು ಎಲ್ಲರೂ ಆಫ್‌ಲೈನ್ ಮ್ಯಾಪಿನಲ್ಲಿ ತೆರೆದು ನೋಡಿರಬೇಕು, ಸುಮ್ನೆ 'ಬಂತು' ಅಂದರೆ ಆಗಲ್ಲ.

ಉತ್ತರ 2: ತಡವಾಗಿ ಬರುವವರು ಕತ್ತಲಲ್ಲಿ ಒಂಟಿಯಾಗಿ ಟ್ರ್ಯಾಕಿಗೆ ಇಳಿಯುವುದು ಬೇಡ, ಬೆಳಿಗ್ಗೆ ಬರಲಿ. ಸಾಲಿನಲ್ಲಿ ಹೋಗುವಾಗ ಕವಲು ಬಂದರೆ ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣುವವರೆಗೆ ಯಾರೂ ಕದಲಬಾರದು.

ಉತ್ತರ 3: ಒಣಹಳ್ಳದ ಮರಳು ಟೆಂಟಿಗೆ ಮೆತ್ತಗೆ ಚೆನ್ನಾಗಿರುತ್ತದೆ, ಅಲ್ವಾ? ಆದರೆ ಮೇಲೆಲ್ಲೋ ಮಳೆ ಬಿದ್ದರೂ ಅಲ್ಲಿ ನೀರು ನುಗ್ಗುತ್ತದೆ. ದಿಬ್ಬದ ಮೇಲೆ ಹಾಕಿ.