ಜರ್ಮನಿಯಲ್ಲೇ ಇರೋದಾ, ಸ್ವೀಡನ್ನಿಗೆ ಹೋಗೋದಾ? ನನ್ನ ಕೆಲಸದ ಲೆಕ್ಕದಲ್ಲಿ ಹೇಳಿ

ಸುಮಾ_ಲೆಕ್ಕ:
ಎಲ್ಲರಿಗೂ ನಮಸ್ಕಾರ. ನಮ್ಮೋರ ಬ್ಲೂ ಕಾರ್ಡ್ (ಓದಿರೋ ಕೆಲಸಗಾರರಿಗೆ ಕೊಡೋ ಪರವಾನಗಿ) ಮೇಲೆ ಜರ್ಮನಿಗೆ ಬಂದು ಮೂರು ವರ್ಷ. ಕೆಲಸ ಮಾಡೋ ಅನುಮತಿ ಬಂದಾಗಿನಿಂದ ಇದೆ, ಕೆಲಸ ಮಾತ್ರ ಇಲ್ಲ. ಮಗಳಿಗೆ ಹದಿನಾಲ್ಕು ತಿಂಗಳು. ಒಂದು ವರ್ಷ ತುಂಬಿದ ಮಗುವಿಗೆ ಕಿಟಾದಲ್ಲಿ, ಅಂದ್ರೆ ಶಿಶುವಿಹಾರದಲ್ಲಿ, ಜಾಗ ಹಕ್ಕು ಅಂತ 2013ರಿಂದ ಕಾನೂನಿದೆ. ಐದು ಕಡೆ ಹೆಸರು ಬರೆಸಿದೀವಿ, ಒಂದು ಕಡೆಯಿಂದಲೂ ಕರೆ ಇಲ್ಲ. ಕಿಟಾ ಇಲ್ಲದೆ ಭಾಷೆ ಕೋರ್ಸಿಲ್ಲ, ಭಾಷೆ ಇಲ್ಲದೆ ಇಂಟರ್ವ್ಯೂ ದಾಟಲ್ಲ. ನಾನು ಅಕೌಂಟೆಂಟ್. ಅಂಕಿಗೆ ಭಾಷೆ ಯಾಕೆ ಅಂತ ಜಂಬದಲ್ಲೇ ಬಂದಿದ್ದೆ. ತೆರಿಗೆ ಕಚೇರಿಯ ಮೊದಲ ಪತ್ರ ಓದಿದಾಗಲೇ ಅದು ಇಳೀತು.

ಒಬ್ಬರು ಮಿನಿಜಾಬ್, ಅಂದ್ರೆ ಸಂಬಳಕ್ಕೆ ಮಿತಿ ಇರೋ ಸಣ್ಣ ಕೆಲಸ, ಕೊಡ್ತೀವಿ ಅಂದಿದಾರೆ. "ನಿನ್ನದು ಟ್ಯಾಕ್ಸ್ ಕ್ಲಾಸ್ ಐದು, ತಿಂಗಳ ತೆರಿಗೆ ಕಡಿತ ಜಾಸ್ತಿ, ಪೂರ್ತಿ ಕೆಲಸ ಮಾಡಿದ್ರೂ ಕೈಗೆ ಅಷ್ಟೇನೂ ಬರಲ್ಲ, ಇದೇ ಸಾಕಲ್ವಾ" ಅಂತಾರೆ ನಮ್ಮೋರು. ಈಗ ಅವರಿಗೆ ಸ್ವೀಡನ್ನಿನ ಆಫರ್ ಬಂದಿದೆ. ಅಲ್ಲಿ ಹೆಂಗಸರಿಗೆ ಅನುಕೂಲ ಅಂತಾರಲ್ಲ, ನಿಜಾನಾ?

ಉತ್ತರದ_ಚಳಿ:
ಅರ್ಧ ನಿಜ. ಇಲ್ಲಿ ಸ್ವೀಡನ್ನಲ್ಲಿ 1971ರಿಂದ ಗಂಡ ಹೆಂಡತಿಗೆ ಬೇರೆ ಬೇರೆ ತೆರಿಗೆ, ಕ್ಲಾಸ್ ಐದರ ತಕರಾರೇ ಇಲ್ಲ. ಮಗುವಿಗೆ ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ಜಾಗ ಕೊಡಬೇಕು. ತಾಯಿಗೆ ಕೆಲಸ ಇಲ್ಲದಿದ್ರೂ ವಾರಕ್ಕೆ 15 ಗಂಟೆ ಖಾತ್ರಿ. ಅಷ್ಟರಲ್ಲಿ ಹೊಸಬರ ಭಾಷೆ ತರಗತಿ ಎಸ್‌ಎಫ್‌ಐಗೆ ಹೋಗಬಹುದು, ಸ್ವೀಡಿಷ್ ಪಾಠ ಬಿಟ್ಟಿ.

ಆದ್ರೆ ಮಗು ನೋಡಿಕೊಳ್ಳೋಕೆ ಅಪ್ಪ ಅಮ್ಮನಿಗೆ ಭತ್ಯೆ ಸಮೇತ ಸಿಗೋ 480 ದಿನದ ರಜೆ ನಂಬಿಕೊಂಡು ಬರಬೇಡಿ. ಮಗು ತನ್ನ ಎರಡನೇ ವರ್ಷದಲ್ಲಿ ಇಲ್ಲಿಗೆ ಬಂದ್ರೆ 200 ದಿನ, ಅದೂ ದಾಟಿದ್ರೆ 100. ಮೊದಲು ಸಂಬಳ ಇರದಿದ್ದವರಿಗೆ ದಿನಕ್ಕೆ 250 ಕ್ರೋನಾ, ಅಷ್ಟೇ. ದುಡಿಯೋಳನ್ನ ಈ ವ್ಯವಸ್ಥೆ ಅಂಗೈಲಿಟ್ಟು ನೋಡಿಕೊಳ್ಳುತ್ತೆ. ಹೊಸಬಳು ದುಡಿಯೋಳಾಗೋ ತನಕ ಬಾಗಿಲಲ್ಲೇ ನಿಂತಿರ್ತಾಳೆ. ನನಗೆ ಎರಡೂವರೆ ವರ್ಷ ಹಿಡೀತು.

ಎಚ್4_ಗೃಹಿಣಿ:
ಅಮೆರಿಕದಿಂದ ಓದ್ತಾ ಇದೀನಿ. ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕೋ ಅರ್ಜಿ) ಪಾಸಾಗದೆ ನನಗೆ ಕೆಲಸದ ಪರ್ಮಿಟ್ಟೇ ಇಲ್ಲ. ನೀವಿಬ್ಬರೂ ಜಗಳ ಮುಂದುವರಿಸಿ, ಕೇಳೋಕೆ ಚೆನ್ನಾಗಿದೆ!

ಬರ್ಲಿನ್_ಅಕ್ಕ:
ಸುಮಾ, ಕ್ಲಾಸ್ ಐದು ಅಂದ್ರೆ ತಿಂಗಳ ಕಡಿತ ಮಾತ್ರ. ವರ್ಷದ ಕೊನೆಗೆ ರಿಟರ್ನ್ ಹಾಕಿದಾಗ ಯಾವ ಕ್ಲಾಸ್ ಇದ್ರೂ ಇಬ್ಬರ ಒಟ್ಟು ತೆರಿಗೆ ಅಷ್ಟೇ ಬರುತ್ತೆ. ಪೆಟ್ಟು ಬೀಳೋದು ಬೇರೆ ಕಡೆ: ಎಲ್ಟರ್ನ್‌ಗೆಲ್ಡ್ (ಮಗು ನೋಡಿಕೊಳ್ಳೋ ಅಪ್ಪ ಅಮ್ಮನಿಗೆ ಸಿಗೋ ಭತ್ಯೆ), ನಿರುದ್ಯೋಗ ಭತ್ಯೆ ಎರಡಕ್ಕೂ ನಿಮ್ಮ ನೆಟ್ ಸಂಬಳವೇ ಅಳತೆಗೋಲು. ನಾಲ್ಕು-ನಾಲ್ಕು, ಅಂದ್ರೆ ಇಬ್ಬರಿಗೂ ಕ್ಲಾಸ್ ನಾಲ್ಕು, ಮಾಡಿಸಿ. ಮಿನಿಜಾಬಿಗೆ ನಿರುದ್ಯೋಗ ವಿಮೆಯೇ ಇಲ್ಲ; ನಾನು ಅದರಲ್ಲೇ ಏಳು ವರ್ಷ ಕೂತು ಬಂದವಳು. ಕಿಟಾ ಬಗ್ಗೆ ಫೋನ್ ಮಾಡೋದು ಬಿಟ್ಟು ಮಕ್ಕಳ ಕಲ್ಯಾಣ ಕಚೇರಿ ಯೂಗೆಂಡಾಮ್ಟ್‌ಗೆ ಬರಹದಲ್ಲೇ ಕೇಳಿ. ಕಾಗದ ಇದ್ರೆ ಕೋರ್ಟಿಗೂ ಹೋಗಬಹುದು.

ಸುಮಾ_ಲೆಕ್ಕ:
ಅಕ್ಕ, ಅಕೌಂಟೆಂಟಾಗಿ ಇದು ನನಗೇ ಹೊಳೀಬೇಕಿತ್ತು, ನಾಚಿಕೆ. ಇವತ್ತು ರಾತ್ರಿ ನಾಲ್ಕು-ನಾಲ್ಕರ ಮಾತು ಎತ್ತುತೀನಿ. ಯೂಗೆಂಡಾಮ್ಟ್‌ಗೆ ನೀವು ಬರೆದ ಪತ್ರ ಇನ್ನೂ ಇದ್ರೆ, ಹೆಸರು ಅಳಿಸಿ ಇಲ್ಲಿ ಹಾಕ್ತೀರಾ?