ಮಗನನ್ನು ಎಂಟನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸಬಹುದೇ?

ಪ್ರಶ್ನೆ (ಒಬ್ಬ ತಂದೆ, ಪ್ಲೇನೋ, ಟೆಕ್ಸಾಸ್): ನಮಸ್ಕಾರ ಮೇಡಂ. ಮಗ ಎಂಟನೇ ತರಗತಿ. ಹುಟ್ಟಿದ್ದು ಆಗಸ್ಟ್ ಕೊನೆಯ ವಾರ. ಶಾಲೆಗೆ ಸೇರಿಸಲು ಇಲ್ಲಿ ಸೆಪ್ಟೆಂಬರ್ 1ರ ಗಡುವು ಇರುವುದರಿಂದ ತರಗತಿಗೆಲ್ಲ ಅವನೇ ಚಿಕ್ಕವನು. ಈಜು ಚೆನ್ನಾಗಿದೆ. ಆದರೆ ಪಕ್ಕದ ಲೇನಿನ ಹುಡುಗರಿಗೆ ಮೀಸೆ ಚಿಗುರಿದೆ, ಇವನ ದನಿ ಇನ್ನೂ ಒಡೆದಿಲ್ಲ. ಫುಟ್‌ಬಾಲ್ ಆಡುವ ಕೆಲವು ಮಕ್ಕಳನ್ನು ಎಂಟನೆಯದರಲ್ಲೇ ಎರಡು ವರ್ಷ ಓದಿಸುತ್ತಾರಂತೆ. ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳುವ ಹೊತ್ತಿಗೆ ಮೈಕಟ್ಟು ಬಂದಿರುತ್ತದೆ ಎಂಬ ಲೆಕ್ಕ. ನಾವೂ ಹಾಗೆ ಮಾಡೋಣವೇ? ಬೆಂಗಳೂರಿನಿಂದ ನಮ್ಮ ತಂದೆಯವರು, ‘ಪಾಸಾದ ಹುಡುಗನನ್ನು ನೀನೇ ಫೇಲು ಮಾಡುತ್ತೀಯಾ?’ ಎಂದು ಬೈಯುತ್ತಿದ್ದಾರೆ.

ಉತ್ತರ (ಈಜು ತರಬೇತುದಾರರು): ಲೆಕ್ಕ ಪೂರ್ತಿ ತಪ್ಪಲ್ಲ. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂದು ರೋಜರ್ ಬಾರ್ನ್‌ಸ್ಲಿ 1985ರಲ್ಲೇ ತೋರಿಸಿದ್ದರು. ಅಲ್ಲಿ ವಯೋಗುಂಪಿನ ಗಡುವು ಜನವರಿ 1. ನಿಮ್ಮ ಮಗ ಅಂಥದೇ ಗಡುವಿನ ತಪ್ಪು ಬದಿಗೆ ಬಿದ್ದಿದ್ದಾನೆ.

ಆದರೆ ಟೆಕ್ಸಾಸ್‌ನಲ್ಲಿ ಸರಕಾರಿ ಶಾಲೆಗಳ ಕ್ರೀಡೆ ನಡೆಸುವ ಯುಐಎಲ್‌ನ ನಿಯಮ ಓದಿದ್ದೀರಾ? ವಯಸ್ಸಿನ ಮಿತಿ ನಿಮಗೆ ಅಡ್ಡಿಯಲ್ಲ: ಸೆಪ್ಟೆಂಬರ್ 1ಕ್ಕೆ 19 ತುಂಬಿರಬಾರದು, ಅಷ್ಟೆ. ತೊಡಕಿರುವುದು ಬೇರೆ ಕಡೆ. ಕ್ರೀಡೆಗಾಗಿ ಏಳರಲ್ಲೋ ಎಂಟರಲ್ಲೋ ಒಂದು ವರ್ಷ ಉಳಿಸಿಕೊಂಡರೆ ಪ್ರೌಢಶಾಲೆಯ ನಾಲ್ಕನೇ ವರ್ಷದ ಅರ್ಹತೆಯೇ ಹೋಗುತ್ತದೆ. ಗಳಿಸಲು ಹೊರಟ ವರ್ಷವೇ ಕೈಬಿಡುತ್ತದೆ. ಅದಕ್ಕೇ ‘ಓದು ಗಟ್ಟಿಯಾಗಲಿ ಎಂದು’ ಅನ್ನುವ ಕಾರಣ ಕೊಡುವವರಿದ್ದಾರೆ. ಊರಿನಲ್ಲಿ ಜನ್ಮದಿನಾಂಕ ತಿದ್ದುತ್ತಿದ್ದರು, ಇಲ್ಲಿ ಕಾರಣ ತಿದ್ದುತ್ತಾರೆ. ನನಗೆ ಎರಡೂ ಹಿಡಿಸುವುದಿಲ್ಲ.

ಇನ್ನು ಈಜು ಫುಟ್‌ಬಾಲಿನಂತಲ್ಲ. ಕ್ಲಬ್ ಸ್ಪರ್ಧೆಗಳಲ್ಲಿ ಗುಂಪು ಮಾಡುವುದು ವಯಸ್ಸಿನಿಂದ. 13–14ರ ಗುಂಪಿನಲ್ಲಿರುವ ಹುಡುಗ ಯಾವ ತರಗತಿಯಲ್ಲಿದ್ದಾನೆಂದು ಯಾರೂ ಕೇಳುವುದಿಲ್ಲ. ತರಗತಿ ಮುಖ್ಯವಾಗುವುದು ಒಂದೇ ಕಡೆ: ಹತ್ತನೇ ತರಗತಿ ಮುಗಿದ ಜೂನ್ 15ರಿಂದ ಡಿವಿಷನ್ ಒನ್ (ಕಾಲೇಜು ಕ್ರೀಡೆಯ ಅತಿ ಮೇಲಿನ ದರ್ಜೆ) ಕೋಚ್‌ಗಳು ಹುಡುಗನಿಗೆ ನೇರವಾಗಿ ಬರೆಯಬಹುದು. ಆ ದಿನ ನಿಮ್ಮವನಿಗಿನ್ನೂ 15. ತಡವಾಗಿ ಬೆಳೆಯುವ ಹುಡುಗರ ಈಜಿನ ಸಮಯ ಸರಸರನೆ ಇಳಿಯುವುದು ಆಮೇಲೆ. ಹಾಗೆಂದು ಬಾಗಿಲು ಅಂದೇ ಮುಚ್ಚುವುದಿಲ್ಲ. ಹನ್ನೆರಡನೇ ತರಗತಿಯಲ್ಲಿ ಸ್ಥಾನ ಸಿಕ್ಕವರನ್ನೂ ಕಂಡಿದ್ದೇನೆ.

ತಂದೆ: ಹಾಗಾದರೆ ಒಂಬತ್ತನೆಯದರಲ್ಲಿ ಬೇಕಾದರೆ ನಿಲ್ಲಿಸಬಹುದೇ?

ಉತ್ತರ: ಖಂಡಿತ ಬೇಡ. ಒಂಬತ್ತನೇ ತರಗತಿಗೆ ಕಾಲಿಟ್ಟ ದಿನದಿಂದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎಯ ಗಡಿಯಾರ ಓಡುತ್ತದೆ. ಡಿವಿಷನ್ ಒನ್‌ಗೆ ಬೇಕಾದ 16 ಮುಖ್ಯ ವಿಷಯಗಳನ್ನು ನಾಲ್ಕು ವರ್ಷದೊಳಗೆ ಮುಗಿಸಬೇಕು. ಹೀಗೆ ನಿಲ್ಲಿಸಿದರೆ ಐದನೇ ವರ್ಷದ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಒಂದು ವರ್ಷ ಬೇಕೇ ಬೇಕಾದರೆ ಹನ್ನೆರಡು ಮುಗಿದ ಮೇಲೆ ನೋಡಬಹುದು. ನ್ಯೂ ಇಂಗ್ಲೆಂಡಿನ ಹಲವು ವಸತಿ ಶಾಲೆಗಳಲ್ಲಿ ಅದಕ್ಕೆಂದೇ ಒಂದು ಹೆಚ್ಚುವರಿ ವರ್ಷವಿದೆ. ಶುಲ್ಕ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಅಷ್ಟರಲ್ಲಿ ಹುಡುಗ ಎಷ್ಟು ಬೆಳೆದ ಎಂಬುದು ಗೊತ್ತಾಗಿರುತ್ತದೆ. ಈಗ ನೀವು ಹಾಕುತ್ತಿರುವುದು ಬರೀ ಊಹೆ.

ಒಬ್ಬ ತಾಯಿ: ನನ್ನ ಮಗಳೂ ಆಗಸ್ಟಿನವಳು. ಅವಳಿಗೂ ಇದೇ ಮಾತೇ?

ಉತ್ತರ: ಹೆಣ್ಣುಮಕ್ಕಳು ಬೇಗ ಬೆಳೆಯುತ್ತಾರೆ. ಹೆಚ್ಚಿನವರ ಎತ್ತರ ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಕಾಯುವುದರಿಂದ ಸಿಗುವುದು ತೀರಾ ಕಡಿಮೆ.

ತಂದೆ: ಸರಿ ಮೇಡಂ, ಒಂಬತ್ತಕ್ಕೆ ಕಳುಹಿಸುತ್ತೇವೆ. ಈಗಿನಿಂದ ಏನು ಮಾಡಲಿ?

ಉತ್ತರ: ಮೂರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡಿ. ಮುಂದೆ ಅವನು ಕೋಚ್‌ಗಳಿಗೆ ಪತ್ರ ಬರೆಯುವಾಗ ಸಮಯಗಳ ಪಕ್ಕದಲ್ಲೇ ಜನ್ಮದಿನಾಂಕವನ್ನೂ ಆ ಅಳತೆಗಳನ್ನೂ ಹಾಕಲಿ. ಅನುಭವಸ್ಥ ಕೋಚ್ ಅದನ್ನು ಓದಿಕೊಳ್ಳುತ್ತಾನೆ. ಪತ್ರ ಮಾತ್ರ ಹುಡುಗನೇ ಬರೆಯಲಿ, ನೀವಲ್ಲ.