ತೋಟ ಮಾರಿ ಡಾಕ್ಟರ್ ಓದಿಸಬೇಕಾ? ಓದುಗರ ಸ್ಪಂದನ

ಚನ್ನರಾಯಪಟ್ಟಣ ಕಡೆಯ ರೈತರೊಬ್ಬರು ಕೇಳಿದ್ದರು: ನೀಟ್‌ನಲ್ಲಿ ಮಗಳಿಗೆ ಸರ್ಕಾರಿ ಸೀಟು ಸ್ವಲ್ಪದರಲ್ಲೇ ಕೈತಪ್ಪುವ ಹಾಗಿದೆ. ಖಾಸಗಿ ಕಾಲೇಜಿನ ಪ್ರೈವೇಟ್ ಸೀಟಿಗೆ ವರ್ಷಕ್ಕೆ 12 ಲಕ್ಷ. ಏಜೆಂಟ್ ಒಬ್ಬರು ಜಾರ್ಜಿಯಾ ಆದರೆ 30 ಲಕ್ಷದಲ್ಲಿ ಮುಗಿಯುತ್ತೆ ಅಂತಾರೆ. ಇರೋದು 4 ಎಕರೆ ತೆಂಗಿನ ತೋಟ, ಚಿಕ್ಕ ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಳೆ. 2 ಎಕರೆ ಮಾರಲಾ?

ಅಣ್ಣಾ, ನಾನು ಎಂಬಿಬಿಎಸ್ ಮುಗಿಸಿ ಆಮೇಲೆ ಎಂಡಿ ಮಾಡಿದವಳು. ನಿಮ್ಮ ಲೆಕ್ಕ ಅರ್ಧಕ್ಕೇ ನಿಂತಿದೆ. ಫೀಸು ನಾಲ್ಕೂವರೆ ವರ್ಷಕ್ಕೆ 54 ಲಕ್ಷ. ಹಾಸ್ಟೆಲ್, ಮೆಸ್, ಪುಸ್ತಕ, ಊರಿಗೆ ಓಡಾಟ ಎಲ್ಲ ಸೇರಿ 60 ದಾಟುತ್ತೆ. ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಸರಿ, ಡಾಕ್ಟರಾದಳು ಅಂತಿಟ್ಟುಕೊಳ್ಳಿ. ಬರೀ ಎಂಬಿಬಿಎಸ್‌ಗೆ ಬೆಂಗಳೂರಿನ ನರ್ಸಿಂಗ್ ಹೋಮುಗಳಲ್ಲಿ ಸಿಗೋದು ಡ್ಯೂಟಿ ಡಾಕ್ಟರ್ ಕೆಲಸ. ತಿಂಗಳಿಗೆ 50-60 ಸಾವಿರ ಕೊಟ್ಟರೆ ಪುಣ್ಯ. ರಾತ್ರಿ ಎರಡು ಗಂಟೆಗೆ ದೊಡ್ಡ ಡಾಕ್ಟರಿಗೆ ಫೋನ್ ಮಾಡೋದು, ಅವರು ನಿದ್ದೆಗಣ್ಣಲ್ಲಿ ಹೇಳಿದ್ದನ್ನ ಕೇಸ್ ಶೀಟಿಗೆ ಬರೆಯೋದು, ಬೆಳಗ್ಗೆ ರೌಂಡ್ಸ್‌ನಲ್ಲಿ ಅದಕ್ಕೇ ಬೈಸಿಕೊಳ್ಳೋದು, ಇಷ್ಟೇ. ಅದಕ್ಕೇ ಎಲ್ಲರೂ ಪಿಜಿ, ಅಂದರೆ ಎಂಡಿ ಥರದ ಸ್ನಾತಕೋತ್ತರ ಓದು ಅಂತ ಓಡ್ತಾರೆ. ಅದಕ್ಕೆ ಮತ್ತೆ ನೀಟ್, ಮತ್ತೆ ಮೂರು ವರ್ಷ. ರೇಡಿಯಾಲಜಿಯಂಥ ಸೀಟಿಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕೇಳೋ ದುಡ್ಡು ಕೋಟಿ ದಾಟುತ್ತೆ. ಆಗ ಉಳಿದ 2 ಎಕರೆ ಮೇಲೂ ಕಣ್ಣು ಬೀಳುತ್ತೆ, ಚಿಕ್ಕವಳ ಪಾಲು ಅಲ್ವಾ ಅದು? ಪಿಜಿಯನ್ನ ಮೆರಿಟ್‌ನಲ್ಲೇ ತಗೊಳ್ತೀನಿ ಅನ್ನೋ ಹಟ ಮಗಳಿಗಿದ್ದರೆ ಮಾತ್ರ ಈ 60 ಲಕ್ಷದ ಯೋಚನೆ ಮಾಡಿ. ಅಷ್ಟು ಹಟ ಇದ್ದರೆ ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಕೂತು ಸರ್ಕಾರಿ ಸೀಟನ್ನೇ ಯಾಕೆ ತಗೋಬಾರದು ಅಂತ ನನ್ನ ಪ್ರಶ್ನೆ.
- ವೈದ್ಯೆ, ಶಿವಮೊಗ್ಗ

ನಾನು ಬ್ಯಾಂಕಲ್ಲಿದ್ದು ರಿಟೈರ್ ಆದವನು. ತೋಟ ಮಾರೋದು ಬೇಡ, ಲೋನ್ ಮಾಡಿ ಅಂತ ಸುಲಭವಾಗಿ ಹೇಳ್ತಾರೆ. ಏಳೂವರೆ ಲಕ್ಷದ ಮೇಲೆ ಹೋದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಭದ್ರತೆ ಕೇಳುತ್ತೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳೋಕೆ ಬ್ಯಾಂಕಿಗೆ ಅಧಿಕಾರ ಕೊಡೋ ಸರ್ಫೇಸಿ ಕಾಯ್ದೆಯ ವ್ಯಾಪ್ತಿಗೆ ಕೃಷಿ ಜಮೀನು ಬರೋಲ್ಲ, ಹಾಗಾಗಿ ತೋಟದ ಪಹಣಿ ಹಿಡಿದು ಹೋದರೆ ಮ್ಯಾನೇಜರ್ ಮುಖ ಹುಳ್ಳಗೆ ಮಾಡ್ತಾರೆ. ಮನೆ, ಸೈಟು ಇದೆಯಾ ಅಂತಲೇ ಮೊದಲ ಪ್ರಶ್ನೆ. ಸಾಲ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, 60 ಲಕ್ಷಕ್ಕೆ ಶೇ 10ರ ಬಡ್ಡಿ, 15 ವರ್ಷ ಅಂದರೆ ಕಂತು ತಿಂಗಳಿಗೆ ಸುಮಾರು 64,500. ಓದೋ ವರ್ಷಗಳಲ್ಲಿ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ಮೇಲಿನ ಮೇಡಂ ಹೇಳಿದ ಸಂಬಳ ಪೂರ್ತಿ ಕಂತಿಗೇ ಹೋಯ್ತು. ಬಡ್ಡಿಗೆ ತೆರಿಗೆ ವಿನಾಯಿತಿ ಇದೆ ಅಂತ ಯಾರಾದರೂ ಆಸೆ ತೋರಿಸಿದರೆ ನಕ್ಕು ಸುಮ್ನಾಗಿ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ವಿನಾಯಿತಿ ಯಾವುದಕ್ಕೆ?
- ಹುಬ್ಬಳ್ಳಿ

ಲೆಕ್ಕ ಹಾಕ್ತಾ ಕೂತರೆ ಯಾರೂ ಮಕ್ಕಳನ್ನ ಓದಿಸಲ್ಲ. ನಾವು ಸೈಟು ಮಾರಿ ಓದಿಸಿದ್ವಿ. ಮಗಳು ಈಗ ಮಕ್ಕಳ ಡಾಕ್ಟರ್, ಊರಲ್ಲೇ ಕ್ಲಿನಿಕ್. ನೀವೂ ಮಾರಿ ಸ್ವಾಮಿ.
- ತಿಪಟೂರು

ಜಾರ್ಜಿಯಾ ಅಂದಿದ್ದಕ್ಕೆ ಬರೀತಿದ್ದೀನಿ. ನನ್ನ ಮಗ ಹೊರದೇಶದಲ್ಲೇ ಓದಿ ಬಂದ. ಹೋಗಬೇಡಿ ಅನ್ನಲ್ಲ, ಆದರೆ ಏಜೆಂಟ್ ಹೇಳೋ 30 ಲಕ್ಷದಲ್ಲಿ ವಾಪಸ್ ಬಂದ ಮೇಲಿನ ಖರ್ಚು ಇರೋಲ್ಲ. ಹೊರದೇಶದಲ್ಲಿ ಓದಿದವರಿಗೆ ಇಲ್ಲಿ ಎಫ್‌ಎಂಜಿಇ ಅಂತ ಪರೀಕ್ಷೆ ಇದೆ, ಅದು ಪಾಸಾಗಬೇಕು. 300 ಅಂಕಕ್ಕೆ 150. ಇತ್ತೀಚಿನ ವರ್ಷಗಳಲ್ಲಿ ಹಲವು ಸಲ ನೂರಕ್ಕೆ ಇಪ್ಪತ್ತರ ಆಸುಪಾಸು ಜನ ಮಾತ್ರ ಪಾಸಾಗಿದ್ದಾರೆ. ನನ್ನ ಮಗನಿಗೂ ಮೊದಲ ಸಲ ಆಗಲಿಲ್ಲ. ದೆಹಲಿಯಲ್ಲಿ ಕೋಚಿಂಗು, ರೂಮ್ ಬಾಡಿಗೆ, ಜೊತೆಗೆ ನೆಂಟರೆಲ್ಲ 'ಡಾಕ್ಟರ್ ಆದ್ನಾ?' ಅಂತ ಕೇಳೋದು. ಪಾಸಾದ ಮೇಲೂ ಇಲ್ಲಿ ಒಂದು ವರ್ಷ ಇಂಟರ್ನ್‌ಶಿಪ್, ಅದಕ್ಕೆ ಜಾಗ ಸಿಗೋವರೆಗೆ ಕಾಯಬೇಕು. ಏಜೆಂಟನ್ನ ಎದುರಿಗೆ ಕೂರಿಸಿಕೊಂಡು ಕೇಳಿ: ಕೋರ್ಸು 54 ತಿಂಗಳು ಇದೆಯಾ? ಅದೇ ಕಾಲೇಜಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕೊಡ್ತಾರಾ? ಪಾಠ ಪೂರ್ತಿ ಇಂಗ್ಲಿಷಲ್ಲಾ? 2021ರ ನಿಯಮ ಇವೆಲ್ಲ ಕೇಳುತ್ತೆ, ಒಂದು ತಪ್ಪಿದರೂ ಇಲ್ಲಿ ನೋಂದಣಿ ಆಗಲ್ಲ. ಉತ್ತರವನ್ನ ಬಾಯಲ್ಲಿ ಬೇಡ, ಬರೆದು ಕೊಡಿ ಅನ್ನಿ. ಯುದ್ಧದ ಮಾತು ನಾನು ಎತ್ತಲ್ಲ, 2022ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಕಡೆ ಹುಡುಗ ತೀರಿಕೊಂಡಿದ್ದು ಎಲ್ಲರಿಗೂ ನೆನಪಿದೆ.
- ಒಬ್ಬ ತಾಯಿ, ದಾವಣಗೆರೆ

ಮಗಳು ಒಂದರಿಂದ ಹತ್ತು ಹಳ್ಳಿಯಲ್ಲೇ ಓದಿದ್ದಾ? ಕನ್ನಡ ಮೀಡಿಯಮ್ಮಾ? ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಇದೆ. ಸೀಟು ಹಂಚೋ ಪರೀಕ್ಷಾ ಪ್ರಾಧಿಕಾರದ (ಕೆಇಎ) ಅರ್ಜಿಯಲ್ಲಿ ಕ್ಲೇಮ್ ಆಗಿದೆಯಾ ಅಂತ ಇವತ್ತೇ ನೋಡಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್ಮಾಸ್ಟರ್ ಸಹಿ ಮಾತ್ರ ಸಾಲದು, ಬಿಇಒ ಮೇಲುಸಹಿಯೂ ಬೇಕು. ಸ್ವಲ್ಪದರಲ್ಲಿ ತಪ್ಪೋ ಹಾಗಿದೆ ಅಂತೀರಲ್ಲ, ಆ ಸ್ವಲ್ಪ ಇಲ್ಲೇ ಸಿಗಬಹುದು. ಖಾಸಗಿ ಕಾಲೇಜಲ್ಲೂ ಸರ್ಕಾರಿ ಕೋಟಾ ಸೀಟು ಅಂತ ಇರ್ತವೆ, ಅದರ ಫೀಸು ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಬೇಕಾದ ಕಾಲೇಜುಗಳ ಪಟ್ಟಿ ತುಂಬೋ ಆಪ್ಷನ್ ಎಂಟ್ರಿಯಲ್ಲಿ ಅವನ್ನ ಬಿಡಬೇಡಿ, ದೂರದ ಊರು ಅಂತ ಬಿಡೋರೇ ಜಾಸ್ತಿ. ಕೊನೆಯ ಸುತ್ತಿನವರೆಗೂ ಕಾಯಿರಿ.
- ಹೈಸ್ಕೂಲ್ ಮೇಷ್ಟ್ರು, ಕಡೂರು

ಹಸು, ಎಮ್ಮೆ ಕಂಡರೆ ಆಗುತ್ತಾ ನಿಮ್ಮ ಮಗಳಿಗೆ? ನಾನು ಪಶುವೈದ್ಯ, ಅದಕ್ಕೇ ಕೇಳಿದೆ. ಸಿಇಟಿಯಲ್ಲಿ ಕೃಷಿಕರ ಕೋಟಾದಡಿ ಪ್ರಾಯೋಗಿಕ ಪರೀಕ್ಷೆ ಬರೆದಿದ್ದರೆ ಬಿವಿಎಸ್ಸಿ, ಅಂದರೆ ಪಶುವೈದ್ಯ ಪದವಿ ಸೀಟಿಗೆ ಒಳ್ಳೆ ಅವಕಾಶ ಇದೆ. ಸರ್ಕಾರಿ ಪಶುವೈದ್ಯ ಕಾಲೇಜು ನಿಮ್ಮ ಹಾಸನದಲ್ಲೇ ಇದೆ. ಆದರೆ 'ಡಾಕ್ಟರ್ ಅಂದ್ರೆ ಮನುಷ್ಯರ ಡಾಕ್ಟರೇ' ಅಂತ ಅವಳು ಅಂದುಕೊಂಡಿದ್ದರೆ ಇಲ್ಲಿಗೆ ತಳ್ಳಬೇಡಿ, ಐದೂವರೆ ವರ್ಷ ಮುಖ ಊದಿಸಿಕೊಂಡೇ ಓದ್ತಾಳೆ. ಅವಳನ್ನ ಕೇಳಿ, ಏನಂದಳು ಅಂತ ಬರೀರಿ.
- ಅರಸೀಕೆರೆ